ಚಿನ್ನದ ಮೊಳೆಯ ತವರು ಯಾವುದು?

ಪ್ರಶ್ನೆ: ನಾನು ಅಮೆರಿಕದ ಯೂಟಾ ರಾಜ್ಯದಲ್ಲಿ ಓದುತ್ತಿರುವ ಕನ್ನಡಿಗ. ಆ ದೇಶದ ಪೂರ್ವ, ಪಶ್ಚಿಮಗಳ ರೈಲುಮಾರ್ಗಗಳು 1869ರ ಮೇ 10ರಂದು ಕೂಡಿದ್ದು ಇಲ್ಲಿನ ಪ್ರಾಮಂಟರಿ ಸಮಿಟ್‌ನಲ್ಲಿ. ಆ ಕೂಡಿಕೆಯ ಸಮಾರಂಭದಲ್ಲಿ ಕೊನೆಯ ಮೊಳೆಯೆಂದು ಬಳಸಿದ ಚಿನ್ನದ ಮೊಳೆ ಮಾತ್ರ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಅದನ್ನು ಇಲ್ಲಿಗೆ ಮರಳಿ ತರಿಸಬೇಕೆಂದು ನಾವು ಕೆಲವು ವಿದ್ಯಾರ್ಥಿಗಳು ಸಹಿ ಸಂಗ್ರಹಕ್ಕೆ ಹೊರಟಿದ್ದೇವೆ. ನಮ್ಮ ಬೇಡಿಕೆ ನ್ಯಾಯವೇ?

ಉತ್ತರ: ನಿಮ್ಮ ಆಸೆ ನ್ಯಾಯವಾದದ್ದು, ಆದರೆ ‘ಮರಳಿ’ ಎಂಬ ಮಾತನ್ನು ಮನವಿಯಿಂದ ತೆಗೆದರೆ ಒಳ್ಳೆಯದು. ಆ ಮೊಳೆಯನ್ನು ಮಾಡಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಗುತ್ತಿಗೆದಾರ ಡೇವಿಡ್ ಹ್ಯೂಸ್. ಮೊದಲೇ ತೂತು ಕೊರೆದಿದ್ದ ಲಾರೆಲ್ ಮರದ ಸ್ಲೀಪರಿನಲ್ಲಿ (ಹಳಿಯ ಕೆಳಗಿನ ಅಡ್ಡದಿಮ್ಮಿಯಲ್ಲಿ) ಅದನ್ನು ಇಳಿಸಿ, ಸಮಾರಂಭ ಮುಗಿದೊಡನೆ ಹೊರತೆಗೆದು, ಅಲ್ಲಿ ಸಾಮಾನ್ಯ ಕಬ್ಬಿಣದ ಮೊಳೆಯನ್ನೇ ಹೊಡೆದರು. 1892ರಲ್ಲಿ ಅದು ದಾನವಾಗಿ ಸ್ಟ್ಯಾನ್‌ಫರ್ಡ್ ಸೇರಿತು. ಯೂಟಾದಿಂದ ಯಾರೂ ಅದನ್ನು ಕದ್ದೊಯ್ದಿಲ್ಲವಾದ್ದರಿಂದ ಒಡೆತನದ ವಾದ ನಿಲ್ಲುವುದು ಕಷ್ಟ.

ಹಾಗೆಂದು ನಿಮ್ಮ ನೆಲಕ್ಕೆ ಹಕ್ಕೇ ಇಲ್ಲವೆಂದು ನಾನು ಹೇಳಲಾರೆ. ಅಂದು ಮುಖಾಮುಖಿ ನಿಂತ ಜುಪಿಟರ್ ಮತ್ತು 119ನೇ ಸಂಖ್ಯೆಯ ಇಂಜಿನ್ನುಗಳೆರಡೂ ಮುಂದೆ ಗುಜರಿಗೆ ಹೋದವು. ಈಗ ಅಲ್ಲಿ ಓಡುವವು 1979ರ ಪ್ರತಿಕೃತಿಗಳು. ಲಾರೆಲ್ ಸ್ಲೀಪರ್ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. ಯುದ್ಧಕ್ಕೆ ಉಕ್ಕು ಬೇಕೆಂದು 1942ರಲ್ಲಿ ಪ್ರಾಮಂಟರಿಯ ಹಳಿಗಳನ್ನೇ ಕಿತ್ತರು. ಇಷ್ಟೆಲ್ಲ ಕಳೆದುಕೊಂಡ ಊರಿನ ಮಕ್ಕಳು, ಅಂದಿನ ಒಂದು ವಸ್ತುವನ್ನಾದರೂ ಅದೇ ಬಯಲಿನ ಬಳಿ ನೋಡಬೇಕೆಂದು ಬಯಸುವುದು ಸಹಜ.

ಇದಕ್ಕಿಂತ ಬಲವಾದ ವಾದವೊಂದು ಆ ಮೊಳೆಯ ಮೇಲೆಯೇ ಕೆತ್ತಿದೆ. ಅದರ ಬದಿಗಳಲ್ಲಿ ಪಶ್ಚಿಮದ ಕಡೆಯಿಂದ ಹಳಿ ಹಾಕಿದ ರೈಲು ಕಂಪನಿಯ ನಿರ್ದೇಶಕರ ಹಾಗೂ ಅಧಿಕಾರಿಗಳ ಹೆಸರುಗಳಿವೆ. ಸಿಯೆರಾ ನೆವಾಡಾ ಪರ್ವತಗಳ ಬಂಡೆ ಕೊರೆದ ಸಾವಿರಾರು ಚೀನೀ ಕೂಲಿಗಳಲ್ಲಿ ಒಬ್ಬನ ಹೆಸರೂ ಇಲ್ಲ. ಬಿಳಿಯರಿಗಿಂತ ಕಡಿಮೆ ಕೂಲಿ ಪಡೆಯುತ್ತಿದ್ದ ಅವರು 1867ರ ಜೂನ್‌ನಲ್ಲಿ ಮುಷ್ಕರ ಹೂಡಿದಾಗ ಕಂಪನಿ ಆಹಾರ ಪೂರೈಕೆಯನ್ನೇ ನಿಲ್ಲಿಸಿ ಮಣಿಸಿತು. ಇನ್ನೊಂದು ಸಂಗತಿಯನ್ನೂ ಗಮನಿಸಿ: ಮೊಳೆಯ ಮೇಲೆ ಕೆತ್ತಿರುವ ದಿನಾಂಕ ಮೇ 8. ಸಮಾರಂಭ ಎರಡು ದಿನ ತಡವಾಯಿತು. ಮಳೆಯಿಂದ ಮಾರ್ಗ ಹಾಳಾಗಿದ್ದು ಒಂದು ಕಾರಣವಾದರೆ, ಬಾಕಿ ಕೂಲಿಗಾಗಿ ಕೆಲಸಗಾರರು ಪೂರ್ವದ ಕಡೆಯಿಂದ ಹಳಿ ಹಾಕಿದ ಯೂನಿಯನ್ ಪೆಸಿಫಿಕ್ ಕಂಪನಿಯ ಉಪಾಧ್ಯಕ್ಷ ಥಾಮಸ್ ಡುರಂಟ್ ಅವರಿದ್ದ ಬೋಗಿಯನ್ನು ವಯೋಮಿಂಗ್‌ನ ಪೀಡ್‌ಮಾಂಟ್‌ನಲ್ಲಿ ತಡೆದು ನಿಲ್ಲಿಸಿದ್ದು ಇನ್ನೊಂದು. ಹೆಸರು ಕೆತ್ತಿಸಿಕೊಳ್ಳಲಾಗದ ಕೂಲಿಕಾರರು ಆ ಚಿನ್ನದ ಮೇಲಿನ ದಿನಾಂಕವನ್ನು ಸುಳ್ಳಾಗಿಸಿದ್ದಾರೆ. ನಿಮ್ಮ ಮನವಿಯ ಮೊದಲ ಪುಟದಲ್ಲಿ ಇದೇ ಇರಲಿ ಎಂಬುದು ನನ್ನ ಒತ್ತಾಯ.

ಶಾಶ್ವತವಾಗಿ ಕೊಡಿ ಎಂದು ಕೇಳುವ ಬದಲು, ಕೆಲವು ವರ್ಷಗಳಿಗೊಮ್ಮೆ ಎರವಲಾಗಿ ಕೊಡಿ ಎಂದು ಕೇಳಿರಿ. 150ನೇ ವರ್ಷಾಚರಣೆಯ ಸಂದರ್ಭದಲ್ಲಿ, 2019ರಲ್ಲಿ, ಅದು ಸಾಲ್ಟ್ ಲೇಕ್ ಸಿಟಿಯ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿತ್ತು. ಆ ನಿದರ್ಶನ ನಿಮಗೆ ಆಧಾರ. ಇಂಥ ವಸ್ತುವನ್ನು ಸಂಗ್ರಹಾಲಯಗಳು ವಿದ್ಯಾರ್ಥಿಗಳ ಕೈಗೆ ಕೊಡುವುದಿಲ್ಲ. ವಿಮೆ, ಕಾವಲು, ಪ್ರದರ್ಶನ ಪೆಟ್ಟಿಗೆ, ಸಾಗಣೆಯ ಖರ್ಚು ಇವನ್ನೆಲ್ಲ ಹೊರಬಲ್ಲ ಇನ್ನೊಂದು ಸಂಗ್ರಹಾಲಯವೇ ಕೇಳಬೇಕಾಗುತ್ತದೆ. ಆದ್ದರಿಂದ ನಿಮ್ಮ ಮೊದಲ ಪತ್ರ ಸ್ಟ್ಯಾನ್‌ಫರ್ಡ್‌ಗೆ ಹೋಗುವುದು ಬೇಡ. ಯೂಟಾದ ಸಂಗ್ರಹಾಲಯವೊಂದಕ್ಕೂ ಪ್ರಾಮಂಟರಿಯ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಆಡಳಿತಕ್ಕೂ ಬರೆಯಿರಿ. ಚೀನೀ ಕೂಲಿಗಳ ವಂಶಸ್ಥರಲ್ಲಿ ಯಾರಾದರೂ ನಿಮ್ಮೊಡನೆ ಸಹಿ ಹಾಕಲು ಒಪ್ಪಿದರೆ, ಅವರ ಸಹಿ ಎಲ್ಲಕ್ಕಿಂತ ಮೇಲಿರಲಿ.