ಕೀ ತೆಗೆದರೂ ನಿಲ್ಲದ ಗಾಡಿ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ತಾನೇ ತಾನಾಗಿ ರೇಸ್ ಆದ ನಿಮ್ಮ ಡೀಸೆಲ್ ಕಾರಿನ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಮೊದಲ ಎರಡು ಪುಟ ಪೂರ್ತಿ ರುಡಾಲ್ಫ್ ಡೀಸೆಲ್. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಂಜಿನ್ ಓಡಿಸಿ ತೋರಿಸಿದ್ದು, 1913ರಲ್ಲಿ ಹಡಗಿನಿಂದ ಕಾಣೆಯಾದದ್ದು. ತಪ್ಪೇನಿಲ್ಲ, ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ: "ಕ್ಯಾತ್ಸಂದ್ರದ ಟೋಲ್ ದಾಟಿ ಪಕ್ಕಕ್ಕೆ ಹಾಕಿದೆ. ಕೀ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ದೆ. ಗಾಡಿ ಕಿರುಚ್ತಾನೇ ಇತ್ತು." ಲೇಖನ ಇಲ್ಲಿಂದಲೇ ಶುರುವಾಗಬೇಕು.

ಅದಾದ ಮೇಲೆ ಓದುವವರು ಮೊದಲು ಕೇಳುವುದು ಒಂದೇ: ಕೀ ತೆಗೆದರೂ ಯಾಕೆ ನಿಲ್ಲಲಿಲ್ಲ? ನೀವು "ಟರ್ಬೊ ಹೋಗಿತ್ತು" ಅಂದು ಮುಗಿಸಿದ್ದೀರಿ. ಸಾಲದು. ಟರ್ಬೊ ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಫ್ಯಾನ್ ಅಂತಲೂ ಹೇಳಬೇಕು. ಪೆಟ್ರೋಲ್ ಇಂಜಿನ್‌ಗೆ ಸ್ಪಾರ್ಕ್ ಬೇಕು. ಡೀಸೆಲ್‌ಗೆ ಬೇಡ, ಒತ್ತಿ ಬಿಸಿಯಾದ ಗಾಳಿಯೇ ಸಾಕು. ಕೀ ತೆಗೆದಾಗ ನಿಂತದ್ದು ಡೀಸೆಲ್ ಮಾತ್ರ. ಆಯಿಲ್ ತಡೆಯುವ ಟರ್ಬೊ ಸೀಲ್ ದಾಟಿ ಬಂದ ಇಂಜಿನ್ ಆಯಿಲ್ಲನ್ನೇ ಕುಡಿದು ಗಾಡಿ ಓಡುತ್ತಿತ್ತು. ಜೋರಾದಷ್ಟೂ ಜಾಸ್ತಿ ಆಯಿಲ್ ಎಳೆಯುತ್ತದೆ, ಎಳೆದಷ್ಟೂ ಇನ್ನೂ ಜೋರು. ಈ ನಾಲ್ಕು ಸಾಲು ಇದ್ದರೆ ನಿಮ್ಮ ಭಯ ಓದುವವರಿಗೂ ತಟ್ಟುತ್ತದೆ.

ಹೊಗೆಯ ಬಣ್ಣ ಬರೆದೇ ಇಲ್ಲ ಅಲ್ವಾ? ಶಿರಾ ಗೇಟ್ ಹತ್ತಿರ ಗ್ಯಾರೇಜ್ ಇಟ್ಟಿರುವ ಗೆಳೆಯರಿಗೆ ನಿಮ್ಮ ಲೇಖನ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ನೀಲಿ ಬೆರೆತ ಬಿಳಿ ಹೊಗೆ ದಟ್ಟವಾಗಿ ಬಂದಿದ್ದರೆ ಆಯಿಲ್ ಉರಿದಿದೆ. ಕಪ್ಪು ಹೊಗೆಯಾದರೆ ಡೀಸೆಲ್ಲೇ ಜಾಸ್ತಿ ಹೋಗುತ್ತಿದೆ, ಇಂಜಿನ್‌ಗೆ ಡೀಸೆಲ್ ಕೊಡುವ ಪಂಪ್ ಕಡೆ ನೋಡಬೇಕು. ಆಕ್ಸಿಲರೇಟರ್ ಕಡೆಯ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಕೀ ತೆಗೆದ ಕೂಡಲೇ ನಿಲ್ಲಬೇಕಿತ್ತು.

ನಾಲ್ಕನೇ ಪುಟದಲ್ಲಿ ಸುಮ್ನೆ ಬಂದು ಹೋಗುವ ಒಂದು ಸಾಲಿದೆ: "ವಾರದ ಹಿಂದೆಯಷ್ಟೇ ಆಯಿಲ್ ಚೇಂಜ್ ಮಾಡಿಸಿದ್ದೆ." ಇದನ್ನು ಕೇಳಿ ಗೆಳೆಯರು ತಲೆ ಎತ್ತಿದರು. "ಡಿಪ್‌ಸ್ಟಿಕ್ ನೋಡಿದರಂತಾ?" ಡಿಪ್‌ಸ್ಟಿಕ್ ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ. ಆಯಿಲ್ ಅದರ ಮೇಲಿನ ಗೆರೆ ದಾಟಿ ತುಂಬಿದ್ದರೆ, ಇಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪಿನಲ್ಲಿ ಉಕ್ಕಿ ಗಾಳಿಯ ದಾರಿಗೇ ಬರಬಹುದು. ಬ್ರೀದರ್ ಕಟ್ಟಿಕೊಂಡರೂ, ಟರ್ಬೊದಿಂದ ಆಯಿಲ್ ಇಳಿಯುವ ಪೈಪ್ ಕಟ್ಟಿದರೂ ಸೀಲ್ ದಾಟಿ ಸೋರುತ್ತದೆ. ಕಾರಣ ಹಿಡಿಯದೆ ಟರ್ಬೊ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ನಿಮ್ಮ ಮೆಕ್ಯಾನಿಕ್ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸುವ ಭಾಗ) ಹೋಸ್ ಬಿಚ್ಚಿದಾಗ ಒಂದು ಲೋಟದಷ್ಟು ಆಯಿಲ್ ಸುರಿಯಿತು ಅಂತ ಬರೆದಿದ್ದೀರಿ. ಎಷ್ಟು ಚೆನ್ನಾದ ಚಿತ್ರ! ಅಲ್ಲೇ ನಿಂತು ಬರೆಯಿರಿ. ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಿದರಾ? ಬ್ರೀದರ್ ಬಿಚ್ಚಿದರಾ? ಅವರ ಕೈ ಯಾವುದಾದ ಮೇಲೆ ಯಾವುದಕ್ಕೆ ಹೋಯಿತೋ ಅದೇ ನಿಮ್ಮ ಲೇಖನದ ದಾರಿ.

ಒಂದು ಸಾಲನ್ನು ಮಾತ್ರ ಹೀಗೇ ಬಿಡಲಾರೆ. ಯಾರೋ ಬಂದು ಗಾಳಿಯ ಪೈಪಿಗೆ ಅಂಗೈ ಒತ್ತಿ ಇಂಜಿನ್ ನಿಲ್ಲಿಸಿದರು, "ಶೂರ" ಅಂದಿದ್ದೀರಿ. ಓದಿದ ಹುಡುಗರು ಯಾರಾದರೂ ಹಾಗೇ ಮಾಡಿದರೆ ಕೈ ಹೋಗುತ್ತದೆ. ಗಾಳಿ ಕಟ್ಟಬೇಕು ನಿಜ, ಆದರೆ ಗಟ್ಟಿ ಹಲಗೆಯಿಂದ. ಗೇರ್ ಹಾಕುವ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಸಬಹುದು. ಅದೂ ಮುಂದೆ ಯಾರೂ ಇಲ್ಲದಿದ್ದರೆ ಮಾತ್ರ. ಎರಡೂ ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಲಿ. ಇಂಜಿನ್ ಹೋದರೆ ಹೋಗಲಿ ಅಂತಲೂ ಬರೆಯಿರಿ.

ಆರುನೂರು ಪದ ಸಾಕು. ಮೆಕ್ಯಾನಿಕ್ ಹತ್ತಿರ ಇನ್ನೊಮ್ಮೆ ಹೋಗಿ ಡಿಪ್‌ಸ್ಟಿಕ್ ಆವತ್ತು ಎಲ್ಲಿವರೆಗೆ ತೋರಿಸಿತ್ತು ಅಂತ ಕೇಳಿಕೊಂಡು ಬನ್ನಿ. ಬರೆದು ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ, ತುಮಕೂರು