ಲೂಸಿಗೆ 32 ಲಕ್ಷ ವರ್ಷ ಅಂತ ಹೇಗೆ ಗೊತ್ತಾಯಿತು?

ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿಗೆ, ಅಂದರೆ ಮನುಷ್ಯರ ಪ್ರಾಚೀನ ಬಂಧುವೊಬ್ಬಳ ಮೂಳೆಗಳ ಪಳೆಯುಳಿಕೆಗೆ, 32 ಲಕ್ಷ ವರ್ಷ ಅಂತಾರಲ್ಲ, ಕಾರ್ಬನ್ ಪರೀಕ್ಷೆ ಅಷ್ಟು ಹಿಂದಕ್ಕೆ ಹೋಗುತ್ತಾ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿ, ಹೋಗುವುದಿಲ್ಲ. ಕಾರ್ಬನ್ ಲೆಕ್ಕ ಸುಮಾರು 50 ಸಾವಿರ ವರ್ಷಕ್ಕೇ ಮುಗಿಯುತ್ತದೆ.

ಇಲ್ಲಿ ಅಳೆದಿದ್ದು ಮೂಳೆಯನ್ನಲ್ಲ, ಅದರ ಸುತ್ತಲಿನ ಪದರಗಳನ್ನು. ಲೂಸಿ ಸಿಕ್ಕ ಹಡಾರ್ ಎಂಬ ಜಾಗದಲ್ಲಿ ಹಳೆಯ ನದಿ, ಕೆರೆಗಳ ಹೂಳು ಒಂದರ ಮೇಲೊಂದು ಕೂತಿದೆ. ನಡುನಡುವೆ ಜ್ವಾಲಾಮುಖಿಯ ಬೂದಿ ಬಿದ್ದಿದೆ. ಆ ಬೂದಿಯೇ ಗಡಿಯಾರ! ಅದರ ಹರಳುಗಳಲ್ಲಿ ಪೊಟ್ಯಾಶಿಯಂ ಇರುತ್ತದೆ. ಅದರಲ್ಲೊಂದು ಬಗೆ ಬಹಳ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ್ದಾಗ ಹಳೆಯ ಆರ್ಗಾನ್ ಹಾರಿಹೋಗಿರುತ್ತದೆ. ತಣ್ಣಗಾದ ಮೇಲೆ ಹುಟ್ಟಿದ್ದು ಹರಳಿನೊಳಗೇ ಉಳಿಯುತ್ತದೆ. ಅದನ್ನು ಅಳೆದರೆ ಬೂದಿ ಯಾವಾಗ ಬಿತ್ತು ಅಂತ ತಿಳಿಯುತ್ತದೆ. ಲೂಸಿ ಸಿಕ್ಕಿದ್ದಕ್ಕಿಂತ ತುಸು ಕೆಳಗಿನ ಬೂದಿಗೆ ಸುಮಾರು 31.8 ಲಕ್ಷ ವರ್ಷ. ಅಂದರೆ ಲೂಸಿ ಅದಕ್ಕಿಂತ ಸ್ವಲ್ಪ ಈಚಿನವಳು.

1974ರಲ್ಲಿ ಲೂಸಿಯನ್ನು ಕಂಡ ಡೊನಾಲ್ಡ್ ಜೋಹಾನ್ಸನ್ ಹೆಸರು ತುಂಬಾ ಜನರಿಗೆ ಗೊತ್ತು. ಆದರೆ ಅದಕ್ಕೂ ಮೊದಲೇ ಹಡಾರ್ ಇರುವ ಅಫಾರ್ ಪ್ರದೇಶವನ್ನೆಲ್ಲ ಅಲೆದು, ಹಡಾರ್‌ನ ಪದರಗಳ ಬೆಲೆ ಗುರುತಿಸಿದ್ದು ಮೊರಿಸ್ ತಯೇಬ್ ಎಂಬ ಫ್ರೆಂಚ್ ಭೂವಿಜ್ಞಾನಿ. ಅವರ ಹೆಸರು ಜಾಸ್ತಿ ಕೇಳಿಬರುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರ.