ಹಳೆಯ ಪತ್ರಿಕೆಗಳ ವಿಚಿತ್ರ ಸುದ್ದಿ ಓದಿದರೆ ಇಷ್ಟು ನಗು ಬರುವುದೇಕೆ?

ಆ ಸುದ್ದಿ ಬರೆದವರು ಒಂಚೂರೂ ನಗುವುದಿಲ್ಲ, ಅದಕ್ಕೇ! ನನಗೆ ತುಂಬಾ ಇಷ್ಟವಾದದ್ದು 1835ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ 'ದಿ ಸನ್' ಪತ್ರಿಕೆ ಆರು ಕಂತುಗಳಲ್ಲಿ ಹಾಕಿದ ಚಂದ್ರಲೋಕದ ಸುದ್ದಿ. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕಾದಲ್ಲಿ ಕೂತು, ಭಾರೀ ದೂರದರ್ಶಕದಲ್ಲಿ ಚಂದ್ರನ ಮೇಲಿನ ಜೀವಿಗಳನ್ನು ಕಂಡರಂತೆ. ಹರ್ಷೆಲ್ ಆಗ ನಿಜಕ್ಕೂ ಅಲ್ಲೇ ಇದ್ದರು. ಉಳಿದದ್ದೆಲ್ಲ ಕಟ್ಟುಕಥೆ.

ಆ ಸುದ್ದಿಯಲ್ಲಿ ಬರುವ, ರೆಕ್ಕೆ ಇರುವ ಬಾವಲಿ ಮನುಷ್ಯರು ಎಲ್ಲರಿಗೂ ನೆನಪಿರುತ್ತಾರೆ. ಆದರೆ ನನಗೆ ಜಾಸ್ತಿ ನಗು ತರಿಸುವುದು ಅಲ್ಲಿನ ಬೀವರ್‌ಗಳು. ನಮ್ಮ ಭೂಮಿಯ ಬೀವರ್ ಅಂದರೆ ಹೊಳೆಗೆ ಅಡ್ಡಕಟ್ಟೆ ಕಟ್ಟುವ, ಚಪ್ಪಟೆ ಬಾಲದ ಪ್ರಾಣಿ. ಚಂದ್ರನ ಬೀವರ್‌ಗಳಿಗೋ, ಬಾಲ ಇಲ್ಲ, ಎರಡೇ ಕಾಲಲ್ಲಿ ನಡೆಯುತ್ತವೆ. ಮರಿಗಳನ್ನು ನಮ್ಮ ಹಾಗೆ ಕೈಯಲ್ಲಿ ಎತ್ತಿಕೊಂಡು ಓಡಾಡುತ್ತವೆ. ಗುಡಿಸಲು ಬೇರೆ ಕಟ್ಟಿಕೊಂಡಿವೆ. ಅದರಿಂದ ಹೊಗೆ ಬರುತ್ತಿದೆ, ಹಾಗಾಗಿ ಇವಕ್ಕೆ ಬೆಂಕಿ ಉರಿಸಲು ಬರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ ಎಂದು ವರದಿ ಹೇಳುತ್ತದೆ! ಎಷ್ಟು ಗಂಭೀರವಾದ ತರ್ಕ ನೋಡಿ. ಸುಮ್ನೆ 'ವಿಚಿತ್ರ ಪ್ರಾಣಿ ಕಂಡಿತು' ಅಂದಿದ್ದರೆ ಯಾರೂ ನಗುತ್ತಿರಲಿಲ್ಲ, ಅಲ್ವಾ? ಆ ಹೊಗೆಯೇ ಇಡೀ ಕಥೆಯ ಜೀವ.

ಕೊನೆಗೆ ಇನ್ನೊಂದು ಸೊಗಸು. ದೂರದರ್ಶಕವನ್ನು ಸೂರ್ಯನ ದಿಕ್ಕಿಗೇ ಬಿಟ್ಟು ಮರೆತರಂತೆ, ಅದರ ಮಸೂರದಿಂದ ಬಿಸಿಲು ಹಾದು ವೀಕ್ಷಣಾಲಯಕ್ಕೆ ದೊಡ್ಡ ತೂತು ಬಿತ್ತಂತೆ.

ಇಂಥವನ್ನು ಓದುವಾಗ ಅವಸರ ಬೇಡ. ಅಳತೆ, ತೂಕ, ಸಾಕ್ಷಿ ಹೇಳುವ ಸಾಲುಗಳನ್ನು ಜೋರಾಗಿ ಓದಿ, ಮನೆಯವರಿಗೂ ಕೇಳಿಸಿ. ಚಂದ್ರನ ಬೀವರ್ ಭಾಗ ಓದಿದಾಗಲೆಲ್ಲ ನನಗಂತೂ ಹೊಟ್ಟೆ ಹುಣ್ಣಾಗುವಷ್ಟು ನಗು.